ಶೆಲ್ಟರ್‌ಗೆ ಬಿಟ್ಟು ಹೋದ ಮುಧೋಳ ನಾಯಿ ಊಟ ಮಾಡುತ್ತಿಲ್ಲ, ಹತ್ತಿರ ಹೋದರೆ ಗುರ್ ಅನ್ನುತ್ತದೆ. ಏನು ಮಾಡಲಿ?

ಖಾನಾಪುರ ರಸ್ತೆ (ಬೆಳಗಾವಿ)

ಎಲ್ಲರಿಗೂ ನಮಸ್ಕಾರ. ಬೆಳಗಾವಿ ಊರ ಹೊರಗಿನ ಒಂದು ಸಣ್ಣ ಪ್ರಾಣಿ ಆಶ್ರಯಕ್ಕೆ ನಾನು ಶನಿವಾರ, ಭಾನುವಾರ ಹೋಗಿ ಕೈಲಾದ ಕೆಲಸ ಮಾಡುತ್ತೇನೆ. ಆರು ದಿನದ ಹಿಂದೆ ಒಂದು ಕುಟುಂಬ ಮುಧೋಳ ಗಂಡು ನಾಯಿಯನ್ನು ತಂದು ಒಪ್ಪಿಸಿ ಹೋಯಿತು. ವಯಸ್ಸು ನಾಲ್ಕು, ಹೆಸರು ರಾಕಿ. ಅವರು ತುಂಬಿದ ಫಾರಂನಲ್ಲಿ "ಆರೋಗ್ಯ ಚೆನ್ನಾಗಿದೆ, ಲಸಿಕೆ ಎಲ್ಲಾ ಆಗಿದೆ, ಮಕ್ಕಳ ಜೊತೆ ಹೊಂದಿಕೊಳ್ಳುತ್ತದೆ, ಮನೆ ಬದಲಾಯಿಸುತ್ತಿದ್ದೇವೆ" ಅಂತ ಇದೆ. ಲಸಿಕೆ ಪುಸ್ತಕ ಮಾತ್ರ ಕೊಟ್ಟಿಲ್ಲ.

ಬಂದಾಗಿನಿಂದ ಅದು ಮಲಗಿದ್ದನ್ನು ನಾನು ನೋಡಿಲ್ಲ. ಗೇಟಿನ ಕಡೆ ಮುಖ ಮಾಡಿ ನಿಂತೇ ಇರುತ್ತದೆ. ಬೈಕ್ ಸದ್ದು ಕೇಳಿದರೆ ಕಿವಿ ಎತ್ತುತ್ತದೆ, ಆಮೇಲೆ ಇಳಿಸುತ್ತದೆ. ಊಟ ಇಟ್ಟರೆ ಬರುತ್ತದೆ, ಮೂಸುತ್ತದೆ, ಒಂದು ತುತ್ತು ಬಾಯಿಗೆ ಹಾಕಿ ಕೆಳಗೆ ಬಿಡುತ್ತದೆ, ಗುರ್ ಅನ್ನುತ್ತದೆ. ಮೊನ್ನೆ ತಟ್ಟೆ ತೆಗೆಯಲು ಹೋದ ನಮ್ಮ ಹುಡುಗನ ಕೈಗೆ ಹಲ್ಲು ತಾಗಿಸಿತು. ಸಣ್ಣ ಗೀರು, ಸ್ವಲ್ಪ ರಕ್ತ ಬಂತು. ಅವತ್ತಿನಿಂದ ಗೂಡಿನ ಕಾರ್ಡಿನ ಮೇಲೆ ಕೆಂಪು ಪೆನ್ನಿನಲ್ಲಿ "ಕಚ್ಚುವ ನಾಯಿ" ಅಂತ ಬರೆದಿದ್ದಾರೆ. ಹಿಂದಿನ ಒಂಟಿ ಗೂಡಿಗೆ ಹಾಕುವ ಮಾತು ನಡೆದಿದೆ.

ತೂಕ 19.2 ಕಿಲೋ. ಬಲಗಣ್ಣಿನ ಕೆಳಗೆ ಸ್ವಲ್ಪ ಬಾವು ಇದೆ, ಟೆಂಪೋದಿಂದ ಇಳಿಸುವಾಗ ತಾಗಿರಬೇಕು ಅಂತ ಎಲ್ಲರೂ ಅಂದುಕೊಂಡಿದ್ದೇವೆ. ಮಳೆ ಬೇರೆ ಬಿಡುತ್ತಿಲ್ಲ, ನೆಲ ಒಣಗುವುದೇ ಇಲ್ಲ. ಒಂಟಿ ಗೂಡಿಗೆ ಹಾಕಿದರೆ ಅದು ಅಲ್ಲೇ ಮುಗಿದು ಹೋಗುತ್ತದೆ ಅಂತ ನನಗೆ ಹೆದರಿಕೆ. ದಯವಿಟ್ಟು ತಿಳಿದವರು ಹೇಳಿ.

ದನದ ದವಾಖಾನೆ (ಬಾಗಲಕೋಟೆ, ನಿವೃತ್ತ ಪಶುವೈದ್ಯ)

ತಂಗಿ, ನಾಯಿಯ ಮಾತು ಆಮೇಲೆ. ಮೊದಲು ಆ ಹುಡುಗ ಆಸ್ಪತ್ರೆಗೆ ಹೋದನಾ? ರಕ್ತ ಬಂದಿದೆ ಅಂದರೆ ಸಣ್ಣದು, ದೊಡ್ಡದು ಅಂತ ಇಲ್ಲ. ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು, ರೇಬೀಸ್ ಲಸಿಕೆ ಅವತ್ತೇ ಶುರುವಾಗಬೇಕು. ಗಾಯ ನೋಡಿ ಇಮ್ಯುನೊಗ್ಲಾಬ್ಯುಲಿನ್ (ಲಸಿಕೆ ಕೆಲಸ ಶುರು ಮಾಡುವವರೆಗೆ ರಕ್ಷಣೆ ಕೊಡುವ ಇಂಜೆಕ್ಷನ್) ಬೇಕೋ ಬೇಡವೋ ಡಾಕ್ಟರ್ ಹೇಳುತ್ತಾರೆ. ಎರಡು ದಿನ ತಡ ಆಗಿದ್ದರೂ ಇವತ್ತೇ ಕಳಿಸಿ. ನಾಯಿಯನ್ನು ಕಚ್ಚಿದ ದಿನದಿಂದ 10 ದಿನ ಗಮನಿಸಿ. ಹಾಗಂತ ಲಸಿಕೆ ಹಾಕಿಸಲು 10 ದಿನ ಕಾಯಬೇಡಿ.

ಇನ್ನೊಂದು ಎಚ್ಚರ. ಲಸಿಕೆ ದಾಖಲೆ ಇಲ್ಲದ ನಾಯಿ, ತುತ್ತು ನುಂಗದೆ ಬಿಡುತ್ತಿದೆ ಅಂದಾಗ ಯಾರೂ ಬರಿಗೈಯಲ್ಲಿ ಅದರ ಬಾಯಿ ಬಿಡಿಸಿ ನೋಡಬಾರದು. ಗಂಟಲಲ್ಲಿ ಎಲುಬು ಸಿಕ್ಕಿದೆ ಅಂತ ಕೈ ಹಾಕಿ ರೇಬೀಸ್‌ಗೆ ಸಿಕ್ಕವರಿದ್ದಾರೆ. ನೀರು ಕುಡಿಯುತ್ತದಾ, ಕೆಳದವಡೆ ಜೋತು ಬಿದ್ದಿದೆಯಾ, ಜೊಲ್ಲು ಸುರಿಯುತ್ತಿದೆಯಾ, ದನಿ ಬದಲಾಗಿದೆಯಾ ಅಂತ ದೂರದಿಂದ ನೋಡಿ.

ಈ ಲಕ್ಷಣಗಳು ಇಲ್ಲ ಅಂದರೆ ನನಗೆ ಬೇರೆ ಅನುಮಾನ. ತನ್ನ ಊಟಕ್ಕೆ ಕಾವಲು ನಿಲ್ಲುವ ನಾಯಿ ಊಟ ಬಿಡುವುದಿಲ್ಲ. ತಟ್ಟೆಗೆ ಅಡ್ಡ ನಿಂತು ಗಬಗಬ ನುಂಗುತ್ತದೆ. ನಿಮ್ಮದು ಹಸಿವಿನಿಂದ ಬಂದು, ಬಾಯಿಗೆ ಹಾಕಿ, ಬಿಡುತ್ತಿದೆ. ಆಮೇಲೆ ಗುರ್ ಅನ್ನುತ್ತದೆ. ಜಗಿದಾಗ ನೋವಾಗುತ್ತಿರಬೇಕು. ನಾಯಿಯ ಮೇಲಿನ ದವಡೆಯ ದೊಡ್ಡ ಹಲ್ಲಿನ ಬೇರು ಸರಿಯಾಗಿ ಕಣ್ಣಿನ ಕೆಳಗೇ ಬರುತ್ತದೆ. ಆ ಹಲ್ಲು ಒಡೆದು ಕೀವಾದರೆ ಬಾವು ಅಲ್ಲೇ ಕಾಣಿಸುವುದು. ಟೆಂಪೋದ ಪೆಟ್ಟಾಗಿದ್ದರೆ ಆರು ದಿನದಲ್ಲಿ ಇಳಿಯಬೇಕಿತ್ತು ಅಲ್ವಾ?

ಫೋಟೋ ನೋಡಿ, ಮಾತು ಕೇಳಿ ನಾನು ರೋಗ ಹೇಳುವವನಲ್ಲ. ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಮೈಮೇಲೆ ಉಣ್ಣಿ ಇದೆಯಾ, ವಸಡು ಬಿಳಿಚಿಕೊಂಡಿದೆಯಾ, ಹೊಟ್ಟೆಯ ಚರ್ಮದ ಮೇಲೆ ಕೆಂಪು ಚುಕ್ಕೆ ಇವೆಯಾ ನೋಡಲು ಹೇಳಿ. ರಕ್ತ ಪರೀಕ್ಷೆ ಆಗಲೇಬೇಕು. ಅಷ್ಟರೊಳಗೆ ಮನೆಯ ನೋವಿನ ಮಾತ್ರೆ ಏನನ್ನೂ ಕೊಡಬೇಡಿ. ಪ್ಯಾರಾಸಿಟಮಾಲ್, ಐಬುಪ್ರೊಫೇನ್, ಡೈಕ್ಲೊಫೆನಾಕ್ ಇವೆಲ್ಲ ನಾಯಿಗೆ ವಿಷದ ಹಾಗೆ.

ಮುಧೋಳದ ಮನೆಯವ

ನಮ್ಮ ಮನೆಯಲ್ಲಿ ಅಜ್ಜನ ಕಾಲದಿಂದ ಈ ತಳಿ ಸಾಕುತ್ತಿದ್ದೇವೆ, ಅದಕ್ಕೆ ಬರೆಯುತ್ತಿದ್ದೇನೆ.

ಪಕ್ಕೆಲುಬು ಕಂಡಿತು ಅಂತ ಮುಧೋಳ ನಾಯಿ ಬಡಕಲಾಗಿದೆ ಅನ್ನಬೇಡಿ. ಆರೋಗ್ಯವಾಗಿದ್ದಾಗಲೂ ಎರಡು ಮೂರು ಪಕ್ಕೆ, ಸೊಂಟದ ಎಲುಬಿನ ತುದಿ ಕಾಣುತ್ತವೆ. ಓಡಿ ಬೇಟೆ ಹಿಡಿಯುವ ಮೈಕಟ್ಟು ಅದು. ನೀವು ನೋಡಬೇಕಾದದ್ದು ತೊಡೆ ಮತ್ತು ಬೆನ್ನು. ತೊಡೆಯ ಮಾಂಸ ಗಟ್ಟಿಯಾಗಿ ತುಂಬಿಕೊಂಡಿರಬೇಕು. ಅದು ಕರಗಿ, ನೆತ್ತಿಯ ಎರಡೂ ಕಡೆ ಗುಳಿ ಬಿದ್ದಿದ್ದರೆ ನಿಜವಾಗಲೂ ಸೊರಗಿದೆ ಅಂತ. ನಾಲ್ಕು ವರ್ಷದ ಗಂಡು 19 ಕಿಲೋ ಅಂದರೆ ನನಗೆ ಕಡಿಮೆ ಅನ್ನಿಸುತ್ತಿದೆ. ನಮ್ಮ ಗಂಡುಗಳು 24, 25 ತೂಗುತ್ತವೆ.

ಎರಡನೆಯದು, ಚರ್ಮ ತೆಳು, ಕೂದಲು ಸಣ್ಣ, ಮೈಯಲ್ಲಿ ಕೊಬ್ಬಿಲ್ಲ. ಬೆಳಗಾವಿ ಮಳೆಗೆ ಒದ್ದೆ ಸಿಮೆಂಟ್ ನೆಲದ ಮೇಲೆ ಅದು ಹೇಗೆ ಮಲಗಬೇಕು ಹೇಳಿ. ಮೊಣಕೈ ಎಲುಬು ನೆಲಕ್ಕೆ ಒತ್ತಿ ಹುಣ್ಣಾಗುತ್ತದೆ. ಒಂದು ಹಲಗೆ ಹಾಕಿ, ಮೇಲೆ ಗೋಣಿಚೀಲ, ಅದರ ಮೇಲೆ ಹಳೇ ಕೌದಿ ಹಾಸಿ. ಇವತ್ತೇ ಮಾಡಿ. ಮಲಗದ ನಾಯಿ ಸುಧಾರಿಸುವುದಿಲ್ಲ.

ಮೂರನೆಯದು, ಸಾದಾ ಪಟ್ಟಿ ಹಾಕಿ ಹೊರಗೆ ಒಯ್ಯಬೇಡಿ. ತಲೆ ಕಿರಿದು, ಕುತ್ತಿಗೆ ದಪ್ಪ, ಹಿಂದಕ್ಕೆ ಎಳೆದರೆ ಪಟ್ಟಿ ಕಿವಿ ದಾಟಿ ಜಾರುತ್ತದೆ. ಆಮೇಲೆ ಆ ಓಟಕ್ಕೆ ಬೈಕ್ ಕೂಡ ಸಾಲದು. ಎಳೆದಾಗ ತಾನೇ ಸ್ವಲ್ಪ ಬಿಗಿಯಾಗುವ ಅಗಲ ಪಟ್ಟಿ ಸಿಗುತ್ತದೆ, ಅದನ್ನೇ ಹಾಕಿ.

ಇನ್ನೊಂದು ಮಾತು ಹೇಳಲೇಬೇಕು. 2020ರ ಆಗಸ್ಟ್‌ನಲ್ಲಿ ಪ್ರಧಾನಿ ರೇಡಿಯೊದಲ್ಲಿ ಮುಧೋಳ ನಾಯಿಯ ಹೆಸರು ಹೇಳಿದರು. ಅದಾದ ಮೇಲೆ ನಮಗೆ ಮರಿ ಬೇಕು ಅಂತ ಎಲ್ಲೆಲ್ಲಿಂದಲೋ ಫೋನ್ ಬಂದವು. ಮೂರನೇ ಮಹಡಿಯ ಫ್ಲ್ಯಾಟಿಗೆ, ಕಟ್ಟಿ ಹಾಕುವ ಮನೆಗೆ ಕೊಡುವುದಿಲ್ಲ ಅಂದಾಗ ಬೇಜಾರು ಮಾಡಿಕೊಂಡವರು ಬಹಳ. ನೀವು ಹೇಳುವ ವಯಸ್ಸು ಲೆಕ್ಕ ಹಾಕಿದರೆ ಇದು ಆ ಹೊತ್ತಿನ ನಂತರ ಹುಟ್ಟಿದ ಮರಿ. ನಮ್ಮ ಊರಿನ ಹೆಸರು ಹೊತ್ತ ನಾಯಿ ಹೀಗೆ ಗೇಟಿನ ಮುಂದೆ ನಿಂತಿದೆ ಅಂತ ಓದಿ ಹೊಟ್ಟೆ ಉರಿಯಿತು.

ನವನಗರ 63

ಆ ಕುಟುಂಬದ ಹೆಸರು, ಫೋಟೋ ಹಾಕಿ. ಸುಳ್ಳು ಫಾರಂ ತುಂಬಿ ಹೋಗಿದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯನ್ನು ಅನ್ನ ನೀರಿಲ್ಲದೆ ನರಳುವ ಹಾಗೆ ತೊರೆಯುವುದು ಅಪರಾಧ. ಇಂಥವರಿಗೆ ಬುದ್ಧಿ ಬರಬೇಕು.

ಶಹಾಪುರದ ತಾಯಿ (ಬೆಳಗಾವಿ)

ನಾನು ಇಲ್ಲಿ ಇದುವರೆಗೆ ಬರೆದಿಲ್ಲ, ಸುಮ್ನೆ ಓದುತ್ತಿದ್ದೆ. ಇವತ್ತು ಬರೆಯುತ್ತೇನೆ.

ಐದು ವರ್ಷದ ಹಿಂದೆ ನಾನೂ ನಮ್ಮ ನಾಯಿಯನ್ನು ಒಂದು ಆಶ್ರಯಕ್ಕೆ ಬಿಟ್ಟು ಬಂದವಳು. ಮನೆಯವರಿಗೆ ಪಾರ್ಶ್ವವಾಯು ಆಗಿತ್ತು, ಒಬ್ಬಳೇ ಇದ್ದೆ. ನಾಯಿಗೆ ರಾತ್ರಿ ಫಿಟ್ಸ್ ಬರುತ್ತಿತ್ತು. ಆ ವಿಷಯವನ್ನು ಫಾರಂನಲ್ಲಿ ಬರೆಯಲಿಲ್ಲ. ಬರೆದರೆ ತೆಗೆದುಕೊಳ್ಳುವುದಿಲ್ಲ ಅಂತ ಹೆದರಿಕೆ ಒಂದು. ಎದುರಿಗೆ ಕೂತಿದ್ದವರು ನನ್ನನ್ನು ನೋಡುತ್ತಿದ್ದ ರೀತಿ ಇನ್ನೊಂದು. "ಮಕ್ಕಳನ್ನೂ ಹೀಗೇ ಬಿಡ್ತೀರಾ" ಅಂತ ಕೇಳಿದ್ದರು. ನಾನು ಸಹಿ ಹಾಕಿ ಓಡಿ ಬಂದೆ. ನಾಲ್ಕನೇ ದಿನ ಅದಕ್ಕೆ ಫಿಟ್ಸ್ ಬಂದಾಗ ಅಲ್ಲಿದ್ದವರಿಗೆ ಏನೂ ಗೊತ್ತಿರಲಿಲ್ಲ. ಅದು ಉಳಿಯಲಿಲ್ಲ. ಮಾತ್ರೆಯ ಚೀಟಿ ನನ್ನ ಪರ್ಸಿನಲ್ಲೇ ಇತ್ತು.

ನನ್ನನ್ನು ಯಾರಾದರೂ ಬೈದರೆ ನಾನು ಎದುರು ಮಾತಾಡುವುದಿಲ್ಲ. ಆದರೆ ಖಾನಾಪುರ ರಸ್ತೆಯವರೇ, ಆ ಕುಟುಂಬಕ್ಕೆ ಇನ್ನೊಮ್ಮೆ ಫೋನ್ ಮಾಡಿ. ಯಾಕೆ ಬಿಟ್ಟಿರಿ ಅಂತ ಕೇಳಬೇಡಿ. ಅದು ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು, ಯಾರನ್ನು ಹಚ್ಚಿಕೊಂಡಿತ್ತು ಅಂತ ಕೇಳಿ. ನಾಯಿ ಚೆನ್ನಾಗಿರಲಿ ಅಂತ ಅವರಿಗೂ ಇರುತ್ತದೆ. ಮೆತ್ತಗೆ ಕೇಳಿದರೆ ಹೇಳುತ್ತಾರೆ.

ನವನಗರ 63

ಅಕ್ಕ, ನಿಮ್ಮ ಮಾತು ಓದಿದೆ. ಹೆಸರು ಹಾಕಿ ಅಂತ ಬರೆದದ್ದು ತಪ್ಪಾಯಿತು, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ.

ಖಾನಾಪುರ ರಸ್ತೆ

ಎಲ್ಲರಿಗೂ ಉತ್ತರ ಕೊಡಲು ತಡವಾಯಿತು, ಕ್ಷಮಿಸಿ.

ಹುಡುಗನಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಲಸಿಕೆ ಶುರುವಾಗಿದೆ. ನಾಯಿ ನೀರು ಕುಡಿಯುತ್ತದೆ, ದವಡೆ ಜೋತಿಲ್ಲ, ಜೊಲ್ಲಿಲ್ಲ. ಹಲಗೆ, ಗೋಣಿ, ಕೌದಿ ಹಾಕಿದ ರಾತ್ರಿಯೇ ಮೊದಲ ಸಲ ಮಲಗಿತು. ಕಾವಲಿನವರು ರಾತ್ರಿ ಒಂದು ಗಂಟೆಗೆ ಫೋಟೋ ಕಳಿಸಿದರು. ಮೂಗನ್ನು ಬಾಲದ ಕೆಳಗೆ ಸೇರಿಸಿ ಚಕ್ಕುಲಿಯ ಹಾಗೆ ಸುತ್ತಿಕೊಂಡಿತ್ತು.

ಶಹಾಪುರದ ಅಕ್ಕ ಹೇಳಿದ ಹಾಗೆ ಫೋನ್ ಮಾಡಿದೆ. ಮೊದಲು ಮನೆಯ ಯಜಮಾನರು ಮಾತಾಡಿದರು, ಎರಡು ನಿಮಿಷಕ್ಕೆ ಇಟ್ಟುಬಿಟ್ಟರು. ಸಂಜೆ ಅವರ ಹೆಂಡತಿ ತಾವಾಗಿಯೇ ಫೋನ್ ಮಾಡಿ ಮುಕ್ಕಾಲು ಗಂಟೆ ಮಾತಾಡಿದರು. ಅತ್ತು ಬಿಟ್ಟರು.

ನಾಯಿ ಅವರ ಮಾವನದು. ಹಳ್ಳಿಯ ಮನೆಯಲ್ಲಿ ಮಾವನ ಜೊತೆ ಹೊಲಕ್ಕೆ ಹೋಗುತ್ತಿತ್ತು. ಮಾವ ಕಳೆದ ವರ್ಷ ತೀರಿಕೊಂಡರು, ನಾಯಿಯನ್ನು ಬೆಳಗಾವಿಗೆ ತಂದರು. ಇಲ್ಲಿ ಜಾಗ ಇಲ್ಲ, ತಾರಸಿ ಮೇಲೆ ಸರಪಳಿ ಹಾಕಿ ಕಟ್ಟುತ್ತಿದ್ದರು. ಅದು ದಿನವೆಲ್ಲ ಸರಪಳಿ ಕಚ್ಚುತ್ತಿತ್ತಂತೆ. ಎರಡು ತಿಂಗಳಿಂದ ಊಟ ಕಡಿಮೆ ಮಾಡಿತ್ತು. ಉಣ್ಣಿ ಜಾಸ್ತಿ ಆಗಿ ಒಂದು ಸಲ ಔಷಧಿ ಹಾಕಿ ಸ್ನಾನ ಮಾಡಿಸಿದ್ದರು. ರೇಬೀಸ್ ಲಸಿಕೆ ಹಳ್ಳಿಯಲ್ಲಿ ಒಮ್ಮೆ ಹಾಕಿಸಿದ ನೆನಪು, ಆಮೇಲೆ ಇಲ್ಲ.

ನಿಜವಾದ ಕಾರಣ ಕೊನೆಗೆ ಹೇಳಿದರು. ಅವರ ಆರು ವರ್ಷದ ಮಗಳು ಅದರ ಮುಖ ಹಿಡಿದು ಮುತ್ತು ಕೊಡಲು ಹೋದಾಗ ಗದರಿ ಹಲ್ಲು ತೋರಿಸಿತ್ತು. ಚರ್ಮ ಹರಿದಿಲ್ಲ. ಮಾರನೇ ದಿನ ನಮ್ಮಲ್ಲಿಗೆ ತಂದರು.

ಇನ್ನೊಂದು ವಿಷಯ. ಅದಕ್ಕೆ ರಾಕಿ ಅನ್ನುವ ಹೆಸರು ಅಷ್ಟಾಗಿ ತಿಳಿಯುವುದಿಲ್ಲವಂತೆ, ಬೆಳಗಾವಿಗೆ ತಂದ ಮೇಲೆ ಮಕ್ಕಳು ಇಟ್ಟದ್ದು. ಮಾವ ಅದಕ್ಕೆ "ತಮ್ಮಾ" ಅನ್ನುತ್ತಿದ್ದರು. ಜೋಳದ ರೊಟ್ಟಿ ಮುರಿದು, ಹಾಲಿನಲ್ಲಿ ನೆನೆಸಿ, ಪಕ್ಕದಲ್ಲಿ ತಾವೂ ಕೂತು "ಉಣ್ಣು ತಮ್ಮಾ" ಅನ್ನುತ್ತಿದ್ದರು. ನಾವು ಆರು ದಿನದಿಂದ ಅದಕ್ಕೆ "ರಾಕಿ ಕಮ್, ರಾಕಿ ಸಿಟ್, ನೋ ನೋ" ಅನ್ನುತ್ತಿದ್ದೆವು.

ಮುಧೋಳದ ಮನೆಯವ

ನಿಮ್ಮ ಮಾತಿಗೆ ಅದು ತಿರುಗದೇ ಇದ್ದದ್ದು ಮೊಂಡುತನ ಅಲ್ಲ ಅಂತ ಈಗ ತಿಳಿಯಿತಲ್ಲ. "ಕುಂದ್ರು", "ಬಾ ಇಲ್ಲಿ", "ಹ್ಞೂಂ ಬ್ಯಾಡ" ಅನ್ನಿ, ಅಜ್ಜನ ದನಿಯಲ್ಲೇ ಮೆಲ್ಲಗೆ ಅನ್ನಿ.

ಊಟಕ್ಕೆ ತಟ್ಟೆ ಎತ್ತರದಲ್ಲಿಟ್ಟು ನೀವು ಎದುರಿಗೆ ನಿಲ್ಲಬೇಡಿ. ಪಕ್ಕಕ್ಕೆ ತಿರುಗಿ ನೆಲದ ಮೇಲೆ ಕೂತುಕೊಳ್ಳಿ, ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ತಲೆಯ ಮೇಲಿಂದ ಕೈ ತರಬೇಡಿ. ಖಾಲಿ ತಟ್ಟೆ ತೆಗೆಯಬೇಕಾದರೆ ಇನ್ನೊಂದು ಮೂಲೆಗೆ ಏನಾದರೂ ಮೆತ್ತನೆಯದು ಎಸೆಯಿರಿ, ಅದು ಅತ್ತ ಹೋದಾಗ ತೆಗೆಯಿರಿ. ಗುರ್ ಅಂದದ್ದಕ್ಕೆ ಹೊಡೆಯಲೇಬೇಡಿ. ಗುರ್ ಅನ್ನುವುದು ಬೇಡ ಅಂತ ಹೇಳುವ ಅದರ ಮಾತು. ಆ ಮಾತನ್ನು ಹೊಡೆದು ಬಿಡಿಸಿದರೆ ಮುಂದಿನ ಸಲ ಹೇಳದೆ ಕಚ್ಚುತ್ತದೆ.

ಖಾನಾಪುರ ರಸ್ತೆ

ರಿಪೋರ್ಟ್ ಬಂದಿದೆ. ಡಾಕ್ಟರ್ ಬಾಯಿಕುಕ್ಕೆ ಹಾಕಿಸಿ, ಸ್ವಲ್ಪ ಮಂಪರಿನ ಇಂಜೆಕ್ಷನ್ ಕೊಟ್ಟು ನೋಡಿದರು. ಬಲಗಡೆ ಮೇಲಿನ ದೊಡ್ಡ ಹಲ್ಲು ಉದ್ದಕ್ಕೆ ಸೀಳಿದೆ, ಬೇರಿನಲ್ಲಿ ಕೀವು. ಸರ್ ಹೇಳಿದ್ದೇ ಸರಿ ಆಯಿತು.

ರಕ್ತದಲ್ಲಿ ಪ್ಲೇಟ್‌ಲೆಟ್ 42 ಸಾವಿರ, ಹಿಮೋಗ್ಲೋಬಿನ್ 8.4. ಎರ್ಲಿಕಿಯಾ (ಉಣ್ಣಿಯಿಂದ ಬರುವ ಸೋಂಕು) ಪಾಸಿಟಿವ್. ಹೊಟ್ಟೆಯ ಮೇಲೆ ಕೆಂಪು ಚುಕ್ಕೆ ಇದ್ದವು, ನಾವು ಸೊಳ್ಳೆ ಕಡಿತ ಅಂದುಕೊಂಡಿದ್ದೆವು. ಈಗ ಹಲ್ಲು ಕೀಳಲು ಆಗುವುದಿಲ್ಲ, ರಕ್ತ ನಿಲ್ಲುವುದಿಲ್ಲ, ಮೊದಲು ಉಣ್ಣಿ ಜ್ವರ ಇಳಿಯಬೇಕು ಅಂದರು. ಡಾಕ್ಸಿಸೈಕ್ಲಿನ್ 28 ದಿನ. ಅದಕ್ಕೆ ಹೊಂದುವಂಥ ನೋವಿನ ಔಷಧಿಯನ್ನೂ ಕೊಟ್ಟಿದ್ದಾರೆ.

ಮಾತ್ರೆಯನ್ನು ಕುಂದಾದಲ್ಲಿ ಇಟ್ಟು ಕೊಟ್ಟರೆ ತಕ್ಷಣ ನುಂಗುತ್ತದೆ. ಹಾಗೆ ಕೊಡಬಹುದಾ ಸರ್?

ಕಿತ್ತೂರು ಕಡೆಯವಳು

ರಕ್ತ ಕಡಿಮೆ ಇದ್ದರೆ ಒಣದ್ರಾಕ್ಷಿ ನೆನೆಹಾಕಿ ಕೊಡಿ. ನಮ್ಮ ಮನೆಯಲ್ಲಿ ಬಾಣಂತಿಯರಿಗೆ ಅದನ್ನೇ ಕೊಡುವುದು. ಪಪ್ಪಾಯಿ ಎಲೆ ರಸವೂ ಪ್ಲೇಟ್‌ಲೆಟ್‌ಗೆ ಒಳ್ಳೆಯದು.

ತಿಕೋಟಾ ದ್ರಾಕ್ಷಿ ತೋಟ (ವಿಜಯಪುರ)

ಅಕ್ಕಾರೆ, ದಯವಿಟ್ಟು ಒಣದ್ರಾಕ್ಷಿ ಬೇಡ! ನಾನು ದ್ರಾಕ್ಷಿ ಬೆಳೆಯುವವನೇ. ದ್ರಾಕ್ಷಿ, ಒಣದ್ರಾಕ್ಷಿ ಎರಡೂ ನಾಯಿಯ ಕಿಡ್ನಿ ಕೆಡಿಸುತ್ತವೆ. ಒಣಗಿಸುವ ಶೆಡ್ಡಿನಲ್ಲಿ ನಮ್ಮ ನಾಯಿ ಒಂದು ಬೊಗಸೆ ತಿಂದು, ರಾತ್ರಿಯೆಲ್ಲ ವಾಂತಿ ಮಾಡಿ, ಮೂರನೇ ದಿನಕ್ಕೆ ಮೂತ್ರ ನಿಂತು ಸತ್ತಿತು. ಎಷ್ಟು ತಿಂದರೆ ವಿಷ ಅಂತ ಲೆಕ್ಕ ಇಲ್ಲ, ಒಂದು ನಾಯಿಗೆ ನಾಲ್ಕು ಕಾಳೂ ಸಾಕು ಅಂತ ಡಾಕ್ಟರ್ ಹೇಳಿದ್ದರು. ಆವತ್ತಿನಿಂದ ಶೆಡ್ಡಿಗೆ ಬಾಗಿಲು ಹಾಕಿಸಿದ್ದೇನೆ. ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲಿ ಇರುವ ಪದಾರ್ಥ ಇದು, ಓದುವವರೆಲ್ಲ ನೆನಪಿಡಿ.

ಕಿತ್ತೂರು ಕಡೆಯವಳು

ಅಯ್ಯೋ, ನನಗೆ ಗೊತ್ತಿರಲಿಲ್ಲ. ನಮ್ಮ ಮನೆಯ ನಾಯಿಗೂ ಪಾಯಸ ಹಾಕುತ್ತಿದ್ದೆವು. ಇವತ್ತೇ ನಿಲ್ಲಿಸಿದೆ. ಹೇಳಿದ್ದು ಒಳ್ಳೆಯದಾಯಿತು ಅಣ್ಣ.

ದನದ ದವಾಖಾನೆ

ಕುಂದಾ ಬೇಡ ತಂಗಿ. ಅದು ಹಾಲಿನ ಪದಾರ್ಥ, ಹಾಲಿನ ಸುಣ್ಣದಂಶ ಈ ಮಾತ್ರೆ ಮೈಗೆ ಹತ್ತದ ಹಾಗೆ ತಡೆಯುತ್ತದೆ. ಸಕ್ಕರೆಯೂ ಜಾಸ್ತಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಂತಿ ಆಗುತ್ತದೆ. ಬೇಯಿಸಿದ ಮೊಟ್ಟೆ ಅಥವಾ ಕೋಳಿ ಮಾಂಸದ ಒಳಗಿಟ್ಟು, ಊಟದ ನಡುವೆ ಕೊಡಿ. ಮೇಲೆ ನೀರು ಕುಡಿಯಲಿ, ಮಾತ್ರೆ ಅನ್ನನಾಳದಲ್ಲಿ ಅಂಟಿ ನಿಂತರೆ ಅಲ್ಲೇ ಹುಣ್ಣಾಗುತ್ತದೆ. ರೊಟ್ಟಿ ಹಾಲು ಅದಕ್ಕೆ ಇಷ್ಟ ಅಂದರೆ ಮಾತ್ರೆಗೂ ಹಾಲಿಗೂ ಎರಡು ಮೂರು ಗಂಟೆ ಅಂತರ ಇರಲಿ.

ಹತ್ತನೇ ದಿನಕ್ಕೆ ನಾಯಿ ಚಿಗುರಿಕೊಳ್ಳುತ್ತದೆ, ಓಡಾಡುತ್ತದೆ. ಆಗ ಮಾತ್ರೆ ನಿಲ್ಲಿಸುವವರೇ ಹೆಚ್ಚು. ನಿಲ್ಲಿಸಬೇಡಿ, 28 ಅಂದರೆ 28. ಪಪ್ಪಾಯಿ ಎಲೆ ನಂಬಿಕೊಂಡು ಮಾತ್ರೆ ತಪ್ಪಿಸುವುದೂ ಬೇಡ. ಉಣ್ಣಿಯನ್ನು ನಾಯಿಯ ಮೈಮೇಲೆ ಕೊಂದರೆ ಸಾಲದು. ಕಂದು ಉಣ್ಣಿ ಮೊಟ್ಟೆ ಇಡುವುದು ಗೋಡೆಯ ಬಿರುಕಿನಲ್ಲಿ, ಗೂಡಿನ ಸಂದಿಯಲ್ಲಿ. ಬಿರುಕುಗಳಿಗೆ ಸಿಮೆಂಟ್ ಹಚ್ಚಿಸಿ. ಪಕ್ಕದ ಗೂಡಿನ ನಾಯಿಗಳಿಗೂ ಉಣ್ಣಿ ಔಷಧಿ ಆಗಬೇಕು.

ಹಲ್ಲು ಕೀಳುವ ದಿನ ಡಾಕ್ಟರಿಗೆ ಒಂದು ಮಾತು ನೆನಪಿಸಿ. ಈ ಬೇಟೆ ತಳಿಗಳ ಮೈಯಲ್ಲಿ ಕೊಬ್ಬು ಕಡಿಮೆ. ಥಯೋಪೆಂಟೋನ್ ಅನ್ನುವ ಅರಿವಳಿಕೆ ಕೊಟ್ಟರೆ ಎಚ್ಚರವಾಗಲು ಬಹಳ ತಡ ಆಗುತ್ತದೆ. ಅವರಿಗೂ ಗೊತ್ತಿರುತ್ತದೆ, ಆದರೂ ಕಾಗದದ ಮೇಲೆ ತಳಿ ಯಾವುದು ಅಂತ ಬರೆದು ಕೊಡಿ. ಎಚ್ಚರ ಆಗುವಾಗ ಮೈ ತಣ್ಣಗಾಗದ ಹಾಗೆ ಹೊದಿಸಿ.

ಗೋಕಾಕ ರಸ್ತೆಯ ತಂದೆ

ನನಗೆ ಎರಡು ಸಣ್ಣ ಮಕ್ಕಳಿದ್ದಾರೆ. ಬೇಸರ ಮಾಡಿಕೊಳ್ಳಬೇಡಿ, ಆದರೆ ಕೇಳಲೇಬೇಕು. ಮಗುವಿಗೆ ಹಲ್ಲು ತೋರಿಸಿದ, ಒಬ್ಬರಿಗೆ ಹಲ್ಲು ತಾಗಿಸಿದ ನಾಯಿಯನ್ನು ಮುಂದೆ ದತ್ತು ಕೊಡುತ್ತೀರಾ? ಹಲ್ಲುನೋವಿತ್ತು ಅಂತ ಎಲ್ಲಾ ಮರೆತುಬಿಡುವುದಾ?

ಖಾನಾಪುರ ರಸ್ತೆ

ಕೇಳಿದ್ದು ಸರಿ ಅಣ್ಣ. ಮರೆಯುವುದಿಲ್ಲ. ಯಾರಿಗೆ ಕೊಟ್ಟರೂ ಎರಡೂ ಸಂಗತಿ ಬರೆದು, ಸಹಿ ತೆಗೆದುಕೊಂಡೇ ಕೊಡುತ್ತೇವೆ. ಹತ್ತು ವರ್ಷದೊಳಗಿನ ಮಕ್ಕಳಿರುವ ಮನೆಗೆ ಕೊಡುವುದಿಲ್ಲ ಅಂತಲೂ ನಿರ್ಧಾರ ಆಗಿದೆ. ಬೆಕ್ಕು, ಕೋಳಿ ಇರುವ ಮನೆಗೂ ಇಲ್ಲ. ಕೆಂಪು ಪೆನ್ನಿನ ಕಾರ್ಡ್ ತೆಗೆಸಿದೆ. ಹೊಸದರಲ್ಲಿ "ಬಲಗಡೆ ಹಲ್ಲು ನೋವು, ಮುಖ ಮುಟ್ಟಬೇಡಿ, ಪಕ್ಕಕ್ಕೆ ಕೂತು ಊಟ ಕೊಡಿ, ಕನ್ನಡದಲ್ಲಿ ಮಾತಾಡಿ" ಅಂತ ಬರೆದಿದ್ದೇನೆ. ಮೊದಲಿನ ಕಾರ್ಡ್ ಓದಿ ಎಲ್ಲರೂ ದೂರ ಹೋಗುತ್ತಿದ್ದರು. ಈಗ ಏನು ಮಾಡಬೇಕು ಅಂತ ಗೊತ್ತಿರುವುದರಿಂದ ಹುಡುಗರು ಹತ್ತಿರ ಹೋಗುತ್ತಾರೆ.

ಶಹಾಪುರದ ತಾಯಿ

ಬಾಯಿನೋವಿಗೆ ಜೋಳದ ನುಚ್ಚು ಮೆತ್ತಗೆ ಬೇಯಿಸಿ ಕೋಳಿ ಸಾರಿನಲ್ಲಿ ಕಲಸಿದರೆ ಹೇಗೆ? ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಮಾಡುತ್ತೇನೆ. ನಮ್ಮ ಮನೆ ದೂರ ಇಲ್ಲ, ಸಂಜೆ ಡಬ್ಬಿ ಕಳಿಸಲಾ?

ಖಾನಾಪುರ ರಸ್ತೆ

ಕಳಿಸಿ ಅಕ್ಕ. ನೀವೇ ತಂದರೆ ಇನ್ನೂ ಒಳ್ಳೆಯದು.

ಖಾನಾಪುರ ರಸ್ತೆ (ಏಳು ವಾರದ ನಂತರ)

ತಮ್ಮನ ಸುದ್ದಿ ಕೇಳಿ ಎಷ್ಟೋ ಜನ ಮೆಸೇಜ್ ಮಾಡಿದ್ದೀರಿ. ಬರೆಯಲು ಈಗ ಸಮಯ ಸಿಕ್ಕಿತು.

28 ದಿನದ ಮಾತ್ರೆ ಮುಗಿದಾಗ ಪ್ಲೇಟ್‌ಲೆಟ್ 1 ಲಕ್ಷ 90 ಸಾವಿರ. ಅದರ ಮುಂದಿನ ವಾರ ಹಲ್ಲು ಕಿತ್ತರು. ತಳಿಯ ಹೆಸರು ಬರೆದುಕೊಟ್ಟೆ, ಡಾಕ್ಟರ್ ಪ್ರೊಪೊಫಾಲ್ ಅನ್ನುವ ಬೇರೆ ಅರಿವಳಿಕೆ ಬಳಸಿದರು, ಬೇಗ ಎಚ್ಚರವಾಯಿತು. ಕೌದಿ ಹೊದಿಸಿ ಪಕ್ಕದಲ್ಲೇ ಕೂತಿದ್ದೆ. ಕಣ್ಣಿನ ಕೆಳಗಿನ ಬಾವು ನಾಲ್ಕು ದಿನದಲ್ಲಿ ಇಳಿಯಿತು. ಈಗ ತೂಕ 22.6 ಕಿಲೋ. ರೇಬೀಸ್ ಲಸಿಕೆ, ಉಳಿದ ಲಸಿಕೆಗಳು ಆಗಿವೆ. ನಮ್ಮ ಹುಡುಗನ ಲಸಿಕೆಯೂ ಪೂರ್ತಿ ಆಯಿತು. ಈಗ ಬೆಳಿಗ್ಗೆ ತಮ್ಮನನ್ನು ಹೊರಗೆ ಒಯ್ಯುವವನು ಅವನೇ.

ಎಲ್ಲವೂ ಸರಿಯಾಗಿಲ್ಲ. ಹಿಂದಿನಿಂದ ಯಾರಾದರೂ ಬಂದರೆ ಈಗಲೂ ಬೆದರುತ್ತದೆ. ಸರಪಳಿಯ ಸದ್ದು ಕೇಳಿದರೆ ಮೂಲೆಗೆ ಹೋಗುತ್ತದೆ, ಅದಕ್ಕೆ ಆ ಸಾಲಿನ ಗೂಡುಗಳಲ್ಲಿ ಸರಪಳಿ ತೆಗೆದು ಚಿಲಕ ಹಾಕಿಸಿದ್ದೇವೆ. ತಟ್ಟೆಯ ಮುಂದೆ ಗುರ್ ಅನ್ನುವುದು ಹಲ್ಲು ಕಿತ್ತ ಮೇಲೆ ಒಮ್ಮೆಯೂ ಆಗಿಲ್ಲ. ಶಹಾಪುರದ ಅಕ್ಕ ವಾರಕ್ಕೆ ಮೂರು ದಿನ ಬರುತ್ತಾರೆ. ಅವರು ನೆಲದ ಮೇಲೆ ಕೂತು "ಉಣ್ಣು ತಮ್ಮಾ" ಅಂದರೆ ಸಾಕು, ತಟ್ಟೆ ನೆಕ್ಕಿ ಇಡುತ್ತದೆ.

ನಮ್ಮ ಫಾರಂ ಬದಲಾಯಿಸಿದ್ದೇವೆ. ಯಾಕೆ ಬಿಡುತ್ತಿದ್ದೀರಿ ಅನ್ನುವ ಕಾಲಂ ಮೊದಲು ಇತ್ತು, ಅದನ್ನು ಕೊನೆಗೆ ಹಾಕಿದ್ದೇವೆ. ಈಗ ಮೊದಲು ಬರುವುದು ಏನು ಉಣ್ಣುತ್ತದೆ, ಯಾವ ಭಾಷೆಯಲ್ಲಿ ಮಾತಾಡುತ್ತೀರಿ, ಮನೆಯಲ್ಲಿ ಏನಂತ ಕರೆಯುತ್ತೀರಿ, ಎಲ್ಲಿ ಮುಟ್ಟಿದರೆ ಬೇಡ ಅನ್ನುತ್ತದೆ ಅನ್ನುವ ಪ್ರಶ್ನೆಗಳು. ತುಂಬುವವರಿಗೆ ಕುರ್ಚಿ ಕೊಟ್ಟು ಚಹಾ ಕೊಡುತ್ತೇವೆ. ಹೋದ ವಾರ ಒಬ್ಬರು ನಾಯಿ ತಂದು, ಫಾರಂ ತುಂಬುತ್ತಾ ಅದಕ್ಕೆ ಸಕ್ಕರೆ ಕಾಯಿಲೆ ಇದೆ ಅಂತ ತಾವೇ ಹೇಳಿ ಇನ್ಸುಲಿನ್ ಬಾಟಲಿ ತೆಗೆದು ಮೇಜಿನ ಮೇಲಿಟ್ಟರು.

ಒಂದು ಪ್ರಶ್ನೆ ಉಳಿದಿದೆ. ತಮ್ಮನ ಮೊದಲಿನ ಮನೆಯ ಆ ಪುಟ್ಟ ಹುಡುಗಿ ಒಮ್ಮೆ ಬಂದು ನೋಡಬೇಕು ಅನ್ನುತ್ತಿದ್ದಾಳಂತೆ. ತಾಯಿ ಕೇಳಿದರು. ಬಂದು ಹೋದ ಮೇಲೆ ಅದು ಮತ್ತೆ ಗೇಟಿನ ಮುಂದೆ ನಿಂತರೆ?

ಮುಧೋಳದ ಮನೆಯವ

ಈಗಲೇ ಬೇಡ. ಹೊಸ ಮನೆ ಸಿಕ್ಕು, ಅಲ್ಲಿ ಮೂರು ತಿಂಗಳು ಕಳೆದ ಮೇಲೆ ಕರೆಸಿ. ಅಲ್ಲಿಯವರೆಗೆ ಹುಡುಗಿಗೆ ಫೋಟೋ ಕಳಿಸಿ, ಅಜ್ಜನ ಹಳೇ ಪಂಚೆಯೋ ಟವಲೋ ಇದ್ದರೆ ಕೊಟ್ಟು ಕಳಿಸಲು ಹೇಳಿ. ಮನೆಯ ವಿಚಾರ ಅಂದರೆ, ನಮ್ಮ ಸೋದರಮಾವನ ಹೊಲ ಲೋಕಾಪುರದ ಹತ್ತಿರ ಇದೆ. ಗಂಡ ಹೆಂಡತಿ ಇಬ್ಬರೇ, ಸುತ್ತಲೂ ಆರಡಿ ತಂತಿ ಬೇಲಿ, ಕೋಳಿ ಸಾಕಿಲ್ಲ. ಕಚ್ಚಿದ ಸಂಗತಿಯನ್ನು ನಾನೇ ಅವರಿಗೆ ಓದಿ ಹೇಳಿದೆ. ಮಾವ ಭಾನುವಾರ ಬಂದು ಅದರ ಪಕ್ಕದಲ್ಲಿ ಕೂತು ನೋಡುತ್ತೇನೆ ಅಂದಿದ್ದಾರೆ. ಮಳೆ ಇಲ್ಲದಿದ್ದರೆ ಹತ್ತು ಗಂಟೆಗೆ ಬರುತ್ತೇವೆ.

ಖಾನಾಪುರ ರಸ್ತೆ

ಮಳೆ ಇದ್ದರೂ ಬನ್ನಿ. ಒಳಗೆ ಜಾಗ ಮಾಡಿಸಿರುತ್ತೇನೆ.